ಹತ್ತಕ್ಕೆ ಏಳು ಎಂಬ ತೀರ್ಪು

ಪರೀಕ್ಷೆಯಲ್ಲಿ ನೂರಕ್ಕೆ ಎಪ್ಪತ್ತು ಅಂಕ ತಂದ ಹುಡುಗ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದನೆಂದು ಮನೆಯವರು ಸಿಹಿ ಹಂಚುತ್ತಾರೆ. ಅದೇ ಎಪ್ಪತ್ತು ಅಂಕ ಒಂದು ವಿಡಿಯೊ ಗೇಮಿಗೆ ಬಂದರೆ ಅನೇಕರು ಅದರತ್ತ ತಿರುಗಿಯೂ ನೋಡುವುದಿಲ್ಲ. ಕನ್ಸೋಲ್ ಆಟಗಳ ವಿಮರ್ಶೆಯನ್ನು ಬಹಳ ವರ್ಷಗಳಿಂದ ಓದುತ್ತಾ, ಆ ಆಟಗಳನ್ನು ಆಡುತ್ತಾ ಬಂದಿರುವ ನನಗೆ ಈ ವಿಚಿತ್ರ ಗಣಿತ ಇಂದಿಗೂ ಕಾಡುತ್ತದೆ. ಹತ್ತರ ಮಾಪನದಲ್ಲಿ ಐದು ನಡುವಿನ ಸಂಖ್ಯೆ. ಆದರೆ ಆಟಗಳ ಲೋಕದಲ್ಲಿ ‘ಸಾಧಾರಣ’ ಎಂಬ ಮಾತಿಗೆ ಸಲ್ಲುವ ಅಂಕ ಏಳು. ಅದಕ್ಕಿಂತ ಕೆಳಗಿನ ಮೆಟ್ಟಿಲುಗಳೆಲ್ಲ ಬಹುತೇಕ ಖಾಲಿ ಬಿದ್ದಿವೆ.

ಇದು ಕೇವಲ ನನ್ನ ಗ್ರಹಿಕೆಯಲ್ಲ. ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸಿ ಸರಾಸರಿ ಹೇಳುವ ಮೆಟಾಕ್ರಿಟಿಕ್ ತಾಣ 2001ರಲ್ಲಿ ಆರಂಭವಾಯಿತು. ಅದು ಅನುಸರಿಸಿಕೊಂಡು ಬಂದ ಕ್ರಮದಲ್ಲಿ ಸಿನಿಮಾಕ್ಕೆ 61 ಬಂದರೆ ಹಸಿರು ಬಣ್ಣ ಸಿಗುತ್ತದೆ. ಆಟಕ್ಕಾದರೆ 75 ಬೇಕು. ಎಪ್ಪತ್ತು ಅಂಕದ ಸಿನಿಮಾ ಹಸಿರು, ಎಪ್ಪತ್ತು ಅಂಕದ ಆಟ ಹಳದಿ. ಆಟಗಳಿಗೆ ಧಾರಾಳವಾಗಿ ಅಂಕ ಸುರಿಯುವ ರೂಢಿಯನ್ನು ಆ ತಾಣವೇ ಒಪ್ಪಿಕೊಂಡು ಗೆರೆಯನ್ನು ಮೇಲಕ್ಕೇರಿಸಿತು ಎಂದೇ ಇದರರ್ಥ. ಯಾವ ಪತ್ರಿಕೆಯ ಅಂಕಕ್ಕೆ ಎಷ್ಟು ತೂಕ ಕೊಡಲಾಗುತ್ತದೆ ಎಂಬುದನ್ನೂ ಅದು ಬಹಿರಂಗಪಡಿಸುವುದಿಲ್ಲ.

ಅತ್ಯುತ್ತಮವಾದದ್ದನ್ನು ಗುರುತಿಸಲು ವಿಮರ್ಶಕನ ನೆರವು ಅಷ್ಟಾಗಿ ಬೇಕಿಲ್ಲ. ತೀರಾ ಕಳಪೆಯಾದದ್ದು ತಾನೇ ತನ್ನ ಬಣ್ಣ ಬಯಲು ಮಾಡಿಕೊಳ್ಳುತ್ತದೆ. ವಿಮರ್ಶೆಯ ನಿಜವಾದ ಅಗತ್ಯವಿರುವುದು ನಡುವಿನ ಆಟಗಳಿಗೆ. ಏಕೆಂದರೆ ಅಲ್ಲಿ ಎರಡು ಜಾತಿಗಳಿವೆ. ಒಂದು, ಯಾವ ತಪ್ಪೂ ಇಲ್ಲದ, ಯಾವ ಜೀವವೂ ಇಲ್ಲದ ಆಟ. ಇನ್ನೊಂದು, ಹತ್ತಾರು ಕಡೆ ಎಡವಿಯೂ ಬೇರಾರೂ ಮಾಡದ ಯಾವುದೋ ಒಂದನ್ನು ಮಾಡಲು ಹೊರಟ ಆಟ. ಎರಡಕ್ಕೂ ಬೀಳುವುದು ಅದೇ ಏಳು. ವ್ಯತ್ಯಾಸವನ್ನು ಹೇಳಬೇಕಾದ ಜಾಗದಲ್ಲಿಯೇ ಅಂಕ ಮೌನ ತಾಳುತ್ತದೆ.

‘ಗಾಡ್ ಹ್ಯಾಂಡ್’ ಎಂಬ ಆಟವನ್ನು ನೋಡಿ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯ ಅಂಗವಾಗಿದ್ದ ಕ್ಲೋವರ್ ಸ್ಟುಡಿಯೊ 2006ರಲ್ಲಿ ಪ್ಲೇಸ್ಟೇಷನ್ 2ಕ್ಕಾಗಿ ರೂಪಿಸಿದ ಹೊಡೆದಾಟದ ಆಟವಿದು. ನಿರ್ದೇಶಕ ಶಿಂಜಿ ಮಿಕಾಮಿ. ಅಮೆರಿಕದ ಐಜಿಎನ್ ತಾಣ ಇದಕ್ಕೆ ಕೊಟ್ಟದ್ದು ಹತ್ತಕ್ಕೆ 3. ಬೇರೆಯವರು ಹೆಚ್ಚು ಉದಾರಿಗಳಾದರು. ಕೊನೆಗೆ ಸರಾಸರಿ ನೂರಕ್ಕೆ 73ರಲ್ಲಿ ನಿಂತಿತು. ದೂರುಗಳು ಸುಳ್ಳಾಗಿರಲಿಲ್ಲ. ಹಿನ್ನೆಲೆಯ ದೃಶ್ಯಗಳು ಬಡಕಲು, ಕ್ಯಾಮೆರಾ ನಾಯಕನ ಬೆನ್ನಿಗೇ ಅಂಟಿಕೊಂಡಿದೆ, ಆಟ ವಿಪರೀತ ಕಷ್ಟ. ಮೊದಲೆರಡು ಸಂಜೆ ಆಡಿದಾಗ ನಾನೂ ಹಾಗೆಯೇ ಅಂದುಕೊಂಡೆ.

ಮೂರನೆಯ ಸಂಜೆ ಅದರ ಒಳಗುಟ್ಟು ತೆರೆದುಕೊಂಡಿತು. ಪರದೆಯ ಮೂಲೆಯಲ್ಲಿ ಒಂದು ಮಾಪಕವಿದೆ. ನಾವು ಚೆನ್ನಾಗಿ ಆಡಿದಷ್ಟೂ ಅದು ಏರುತ್ತದೆ, ಎದುರಾಳಿಗಳು ಉಗ್ರರಾಗುತ್ತಾರೆ. ಏಟು ತಿಂದರೆ ಅದು ಇಳಿಯುತ್ತದೆ. ಯಾವ ಹೊಡೆತದ ನಂತರ ಯಾವ ಹೊಡೆತ ಎಂಬ ಕ್ರಮವನ್ನು ಆಟಗಾರನೇ ಜೋಡಿಸಿಕೊಳ್ಳಬೇಕು. ಬೇರೆ ಆಟಗಳಲ್ಲಿ ಕ್ಯಾಮೆರಾ ತಿರುಗಿಸಲು ಬಳಕೆಯಾಗುವ ಬಲಗೈ ಕಡ್ಡಿ ಇಲ್ಲಿ ಏಟು ತಪ್ಪಿಸಿಕೊಳ್ಳುವುದಕ್ಕೆ ಮೀಸಲು. ಲೋಪವೆಂದು ಕಂಡ ಕ್ಯಾಮೆರಾ ಒಂದು ಆಯ್ಕೆಯ ಬೆಲೆಯಾಗಿತ್ತು. ಮೂರು ಅಂಕ ಕೊಟ್ಟವರನ್ನು ನಾನು ಮೂರ್ಖರೆನ್ನಲಾರೆ. ಗಡುವಿನೊಳಗೆ ಆಡಿ, ಬರೆದು, ಮುಂದಿನ ಆಟಕ್ಕೆ ಹೋಗಬೇಕಾದವನಿಗೆ ಮೂರನೆಯ ಸಂಜೆಯ ವ್ಯವಧಾನ ಸುಲಭವಾಗಿ ಸಿಗುವಂಥದ್ದಲ್ಲ. ಕ್ಲೋವರ್ ಸ್ಟುಡಿಯೊ 2007ರಲ್ಲಿ ವಿಸರ್ಜನೆಯಾಯಿತು. ಆದರೆ ಆ ಆಟದ ಅಭಿಮಾನಿಗಳು ಇಂದಿಗೂ ಕರಗಿಲ್ಲ.

ಇಂಥ ನಿದರ್ಶನ ಒಂದೇ ಅಲ್ಲ. 1986ರಿಂದ ಪ್ರಕಟವಾಗುತ್ತಿರುವ ಜಪಾನಿನ ಫಾಮಿತ್ಸು ಪತ್ರಿಕೆಯಲ್ಲಿ ನಾಲ್ವರು ವಿಮರ್ಶಕರು ತಲಾ ಹತ್ತರಂತೆ ಒಟ್ಟು 40ಕ್ಕೆ ಅಂಕ ಹಾಕುತ್ತಾರೆ. 2009ರಲ್ಲಿ ‘ಡೀಮನ್ಸ್ ಸೋಲ್ಸ್’ ಆಟಕ್ಕೆ ಅವರು ಕೊಟ್ಟದ್ದು 29. ಅದು ಅಪ್ಪಟ ಸಾಧಾರಣ ದರ್ಜೆ. ಅದೇ ವರ್ಷ ಅಮೆರಿಕದಲ್ಲಿ ಬಿಡುಗಡೆಯಾದಾಗ ಗೇಮ್‌ಸ್ಪಾಟ್ ತಾಣ ಅದನ್ನು ವರ್ಷದ ಆಟವೆಂದು ಆರಿಸಿತು. 2020ರಲ್ಲಿ ಪ್ಲೇಸ್ಟೇಷನ್ 5 ಮಾರುಕಟ್ಟೆಗೆ ಬಂದ ದಿನವೇ ಅದರ ಮರುನಿರ್ಮಾಣವೂ ಬಂತು. 2010ರ ‘ಡೆಡ್ಲಿ ಪ್ರಿಮೊನಿಶನ್’ಗೆ ಐಜಿಎನ್ ಹತ್ತಕ್ಕೆ 2 ಕೊಟ್ಟರೆ, ಡಿಸ್ಟ್ರಕ್ಟಾಯ್ಡ್ ತಾಣ ಪೂರ್ತಿ 10 ಕೊಟ್ಟಿತು. ಎರಡನ್ನೂ ಕೂಡಿಸಿ ಭಾಗಿಸಿದರೆ ಬರುವುದು 6. ಇಬ್ಬರಲ್ಲಿ ಒಬ್ಬರೂ ಅದನ್ನು ಸಾಧಾರಣ ಆಟವೆಂದಿರಲಿಲ್ಲ. ಸರಾಸರಿ ಮಾತ್ರ ಹಾಗೆಂದಿತು.

ಆಟದ ವಿಷಯಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ ಎಂದು ಓದುಗರು ಕೇಳಬಹುದು. ಅಂಕ ಓದುಗನ ಕುತೂಹಲಕ್ಕೆ ಮಾತ್ರ ಸೀಮಿತವಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಅದು ಕೂಲಿಯ ಲೆಕ್ಕವನ್ನೂ ಹೊಕ್ಕಿದೆ. 2004ರಲ್ಲೇ ವಾರ್ನರ್ ಬ್ರದರ್ಸ್ ಸಂಸ್ಥೆ, ತನ್ನ ಸಿನಿಮಾಗಳನ್ನು ಆಧರಿಸಿದ ಆಟಗಳಿಗೆ 70ಕ್ಕಿಂತ ಕಡಿಮೆ ಸರಾಸರಿ ಬಂದರೆ ಪ್ರಕಾಶಕರಿಂದ ಹೆಚ್ಚಿನ ಗೌರವಧನ ವಸೂಲು ಮಾಡುವ ಕ್ರಮವನ್ನು ಪ್ರಕಟಿಸಿತ್ತು. 2010ರ ‘ಫಾಲ್ಔಟ್: ನ್ಯೂ ವೇಗಸ್’ ಆಟವನ್ನು ನಿರ್ಮಿಸಿದ ಅಬ್ಸಿಡಿಯನ್ ಸಂಸ್ಥೆಯ ಕ್ರಿಸ್ ಅವೆಲೋನ್ 2012ರಲ್ಲಿ ತಿಳಿಸಿದಂತೆ, ಮೆಟಾಕ್ರಿಟಿಕ್ ಸರಾಸರಿ 85 ಮುಟ್ಟಿದ್ದರೆ ಅವರಿಗೆ ಹೆಚ್ಚುವರಿ ಹಣ ಸಿಗುತ್ತಿತ್ತು. ಬಂದದ್ದು 84. ಒಂದು ಅಂಕದಿಂದ ಡಿಸ್ಟಿಂಕ್ಷನ್ ತಪ್ಪಿಸಿಕೊಂಡ ವಿದ್ಯಾರ್ಥಿಯ ಸಂಕಟ ನಮಗೆಲ್ಲ ಗೊತ್ತು. ಅವನು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ಇಲ್ಲಿ ಆ ಅವಕಾಶವೂ ಇಲ್ಲ.

ಅಂಕ ಕೊಟ್ಟವನೂ ಸುರಕ್ಷಿತನಲ್ಲ. 2007ರ ನವೆಂಬರಿನಲ್ಲಿ ಗೇಮ್‌ಸ್ಪಾಟ್‌ನ ಜೆಫ್ ಗರ್ಸ್ಟ್‌ಮನ್ ‘ಕೇನ್ ಆ್ಯಂಡ್ ಲಿಂಚ್’ ಆಟಕ್ಕೆ ಹತ್ತಕ್ಕೆ 6 ಕೊಟ್ಟರು. ಆ ಹೊತ್ತಿನಲ್ಲಿ ಅದೇ ತಾಣದ ತುಂಬ ಅದೇ ಆಟದ ಜಾಹೀರಾತು ರಾರಾಜಿಸುತ್ತಿತ್ತು. ಕೆಲವೇ ದಿನಗಳಲ್ಲಿ ಅವರು ಕೆಲಸ ಕಳೆದುಕೊಂಡರು. ಜಾಹೀರಾತುದಾರರ ಒತ್ತಡ ಇದರ ಹಿಂದಿತ್ತೆಂದು 2012ರಲ್ಲಿ, ಮೌನದ ಕರಾರು ಸಡಿಲವಾದ ಮೇಲೆ, ಅವರೇ ವಿವರಿಸಿದರು. ಗಮನಿಸಬೇಕಾದದ್ದು ಆ ಅಂಕವನ್ನು. ಅದು ಒಂದಲ್ಲ, ಎರಡಲ್ಲ, ಆರು. ಸಾಧಾರಣವಾದದ್ದನ್ನು ಸಾಧಾರಣವೆಂದು ಹೇಳುವುದಕ್ಕೇ ಧೈರ್ಯ ಬೇಕಾದಾಗ ಅಂಕಗಳೆಲ್ಲ ಏಳರ ಮೇಲಕ್ಕೆ ಹೋಗಿ ಕೂರುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಅಂಕವನ್ನೇ ಕಿತ್ತೊಗೆಯೋಣವೇ? ಬ್ರಿಟನ್ನಿನ ಯೂರೊಗೇಮರ್ ತಾಣ 2015ರಲ್ಲಿ ಆ ಪ್ರಯೋಗ ಮಾಡಿತು. 2023ರಲ್ಲಿ ಐದು ನಕ್ಷತ್ರಗಳ ಪದ್ಧತಿಗೆ ಮರಳಿತು. ಓದುಗನ ಅವಸರವನ್ನು ಕಡೆಗಣಿಸುವುದು ಕಷ್ಟ, ಅದು ಅನ್ಯಾಯವೂ ಹೌದು. ನಮ್ಮಲ್ಲಿ ಹೊಸ ಕನ್ಸೋಲ್ ಆಟವೊಂದಕ್ಕೆ ಸುಮಾರು 5,000 ರೂಪಾಯಿ ತೆರಬೇಕಾದ ದಿನಗಳಲ್ಲಿ, ಕೊಳ್ಳಲೋ ಬೇಡವೋ ಎಂದು ಕೇಳುವ ತಂದೆತಾಯಿಗಳಿಗೆ ಸಾವಿರ ಪದಗಳ ಮೀಮಾಂಸೆ ಓದಿ ಎನ್ನಲಾಗದು. ಎಲ್ಲ ಸಾಧಾರಣ ಆಟಗಳ ಒಡಲಲ್ಲೂ ರತ್ನ ಅಡಗಿದೆ ಎಂಬ ಭ್ರಮೆಯೂ ನನಗಿಲ್ಲ. ಬಹುಪಾಲು ಸಾಧಾರಣ ಆಟಗಳು ಸಾಧಾರಣವಾಗಿಯೇ ಇರುತ್ತವೆ. ಅವುಗಳ ಮುಂದೆ ನಾನು ಕಳೆದ ಸಂಜೆಗಳನ್ನು ಯಾರೂ ಹಿಂದಿರುಗಿಸಲಾರರು.

ನನ್ನ ಬೇಡಿಕೆ ಅದಕ್ಕಿಂತ ಸಣ್ಣದು. ವಿಮರ್ಶಕ ಏಳು ಎಂದು ಬರೆಯುವಾಗ ಅದು ಯಾವ ಏಳು ಎಂಬುದನ್ನು ಒಂದು ವಾಕ್ಯದಲ್ಲಾದರೂ ಹೇಳಲಿ. ತಪ್ಪಿಲ್ಲದ ಜಡತೆಗೆ ಕೊಟ್ಟದ್ದೋ, ತಪ್ಪುಗಳ ನಡುವಿನ ಹಂಬಲಕ್ಕೆ ಕೊಟ್ಟದ್ದೋ? ಐದು, ಆರುಗಳನ್ನು ಅಂಜದೆ ಬಳಸಲಿ. ಆರು ಕೊಟ್ಟವನ ಕೆಲಸ ಉಳಿಸುವ ಹೊಣೆಯನ್ನು ಸಂಪಾದಕರು ಹೊರಲಿ. ಓದುಗರಾದ ನಾವು ಅಂಕ ನೋಡುವುದಕ್ಕೆ ಮೊದಲು ಅದರ ಮೇಲಿನ ಕೊನೆಯ ಪ್ಯಾರಾವನ್ನಾದರೂ ಓದೋಣ.

ವಾರದ ಸಿನಿಮಾಕ್ಕೆ ಎಷ್ಟು ನಕ್ಷತ್ರ ಎಂದು ಮಾತ್ರ ನೋಡಿ ಪುಟ ಮಗುಚುವ ಅಭ್ಯಾಸ ನನಗೂ ಇತ್ತು. ಅದನ್ನು ಬಿಡಿಸಿದ್ದು 73 ಅಂಕದ ಒಂದು ಹಳೆಯ ಆಟ. ಅದರ ಡಿಸ್ಕ್ ಈಗಲೂ ನನ್ನ ಕಪಾಟಿನಲ್ಲಿದೆ. ತೊಂಬತ್ತರ ಮೇಲೆ ಅಂಕ ಪಡೆದ ಎಷ್ಟೋ ಆಟಗಳನ್ನು ನಾನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದೇನೆ.