ಟೈರ್‌ನ ಆಯಸ್ಸೋ, ರಸ್ತೆಯ ಹಿಡಿತವೋ?

ಟೈರ್ ಅಂಗಡಿಯಲ್ಲಿ ನಾವೆಲ್ಲ ಕೇಳೋ ಮೊದಲ ಪ್ರಶ್ನೆ ಒಂದೇ: "ಎಷ್ಟು ಕಿಲೋಮೀಟರ್ ಬರುತ್ತೆ?" ಮಳೆಯಲ್ಲಿ ಬ್ರೇಕ್ ಒತ್ತಿದ್ರೆ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತೆ ಅಂತ ಕೇಳೋರು ಎಷ್ಟು ಜನ, ಹೇಳಿ?

ಈ ಎರಡು ಗುಣಗಳಿಗೆ ಅಷ್ಟಾಗಿ ಆಗಿಬರೋದಿಲ್ಲ. ಸಾಮಾನ್ಯವಾಗಿ ಗಟ್ಟಿ ರಬ್ಬರ್ ನಿಧಾನವಾಗಿ ಸವೆಯುತ್ತೆ, ಆದರೆ ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ. ಮೆತ್ತಗಿನ ರಬ್ಬರ್ ಚೆನ್ನಾಗಿ ಹಿಡಿಯುತ್ತೆ, ಬೇಗ ಸವೆಯುತ್ತೆ. ಸಿಲಿಕಾ ಬೆರೆಸಿ ಕಂಪನಿಗಳು ಎರಡನ್ನೂ ಸರಿದೂಗಿಸಲು ನೋಡುತ್ತವೆ. ಆದರೂ ಎರಡರಲ್ಲೂ ನೂರಕ್ಕೆ ನೂರು ಅಂಕ ಪಡೆಯುವ ಟೈರ್ ಇಲ್ಲ.

ನಾನು ಓದಿದ್ದು ಇಂಜಿನಿಯರಿಂಗ್. ಹಾಗಾಗಿ ಒಂದು ಲೆಕ್ಕ ಹಾಕೋಣ. 6,000 ರೂಪಾಯಿಯ ಎರಡು ಬಗೆಯ ಟೈರ್ ಇವೆ ಅಂತಿಟ್ಟುಕೊಳ್ಳಿ. ಒಂದು 60,000 ಕಿಲೋಮೀಟರ್ ಬಾಳುತ್ತೆ, ಇನ್ನೊಂದು 40,000. ನಾಲ್ಕು ಚಕ್ರಕ್ಕೆ ಸೇರಿ ಕಿಲೋಮೀಟರ್‌ಗೆ ಮೊದಲನೆಯದು 40 ಪೈಸೆ, ಎರಡನೆಯದು 60 ಪೈಸೆ. ವರ್ಷಕ್ಕೆ 60,000 ಕಿಲೋಮೀಟರ್ ಓಡಿಸೋ ಟ್ಯಾಕ್ಸಿ ಚಾಲಕರಿಗೆ ಈ ವ್ಯತ್ಯಾಸ 12,000 ರೂಪಾಯಿ. ಅದು ಹೊಟ್ಟೆಪಾಡಿನ ಪ್ರಶ್ನೆ, ಹಗುರವಾಗಿ ಮಾತಾಡೋ ಹಾಗಿಲ್ಲ. ಆದರೆ ವರ್ಷಕ್ಕೆ 8,000 ಓಡಿಸೋ ಮನೆ ಕಾರಿಗೆ? ಬರೀ 1,600 ರೂಪಾಯಿ! ಆ ಕಾರು 60,000 ಮುಟ್ಟೋಕೆ ಏಳೂವರೆ ವರ್ಷ ಬೇಕು. ಅಷ್ಟರಲ್ಲಿ ಬಿಸಿಲಿಗೆ, ವಯಸ್ಸಿಗೆ ರಬ್ಬರ್ರೇ ಗಡುಸಾಗಿರುತ್ತೆ. ಬಳಸೋಕೇ ಆಗದ ಆಯಸ್ಸಿಗಾಗಿ ಹಿಡಿತ ಬಿಟ್ಟುಕೊಟ್ಟರೆ ಏನು ಬಂತು? ಅದರಲ್ಲೂ ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿ ಇಳಿಯೋರಿಗೆ ಹಿಡಿತವೇ ಮೊದಲು.

ಹಾಗಾದ್ರೆ ಗುರುತಿಸೋದು ಹೇಗೆ? ಹಲವು ಟೈರ್‌ಗಳ ಪಕ್ಕದಲ್ಲಿ 'ಟ್ರೆಡ್‌ವೇರ್' ಅಂತ ಒಂದು ಸಂಖ್ಯೆ ಇರುತ್ತೆ. ಹೆಚ್ಚಿದ್ದಷ್ಟೂ ಬಾಳಿಕೆ ಹೆಚ್ಚು. ಆದರೆ ಆ ಅಂಕ ಕೊಡೋದು ಕಂಪನಿಯೇ, ಹಾಗಾಗಿ ಬೇರೆ ಬೇರೆ ಬ್ರ್ಯಾಂಡ್‌ಗಳನ್ನು ಅದರಿಂದಲೇ ಅಳೆಯಬೇಡಿ. ಪಕ್ಕದಲ್ಲೇ 'ಟ್ರ್ಯಾಕ್ಷನ್' ದರ್ಜೆ ನೋಡಿ: ಎಎ, ಎ, ಬಿ, ಸಿ. ಇದು ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತ, ಎಎ ಅತ್ಯುತ್ತಮ. ತಯಾರಿಕೆಯ ದಿನವೂ ಅಲ್ಲೇ ಇರುತ್ತೆ: 2324 ಅಂದ್ರೆ 2024ರ 23ನೇ ವಾರ.

ಇನ್ನೊಂದು ಮಾತು. ಹೊಸ ಟೈರ್‌ನ ಗಾಡಿ ಸಾಮಾನ್ಯವಾಗಿ 7-8 ಮಿಲಿಮೀಟರ್ ಆಳ ಇರುತ್ತೆ. ಕಾನೂನಿನ ಕನಿಷ್ಠ ಮಿತಿ 1.6. ನೀರನ್ನು ಹೊರಗೆ ತಳ್ಳೋದು ಈ ಗಾಡಿಯೇ. ಅದು ಸವೆದಂತೆ ಎಂಥ ಒಳ್ಳೆ ಟೈರೂ ಮಳೆಯಲ್ಲಿ ಜಾರುತ್ತೆ. "ಇನ್ನೂ ಒಂದು ಮಳೆಗಾಲ ಓಡುತ್ತೆ ಬಿಡಿ ಸಾರ್" ಅನ್ನೋ ಮಾತು ನಂಬಬೇಡಿ.

ಮುಂದಿನ ಸಲ ಅಂಗಡಿಗೆ ಹೋದಾಗ ಕಿಲೋಮೀಟರ್ ಖಂಡಿತ ಕೇಳಿ. ಆದರೆ ಎರಡನೇ ಪ್ರಶ್ನೆಯಾಗಿ ಕೇಳಿ.