ಸೈಕಲ್ಲಿನಲ್ಲಿ ಕೆಲಸಕ್ಕೆ: ಸವಾರರ ಎಚ್ಚರ, ಪಂಚಾಯಿತಿಯ ಹೊಣೆ



ನಸುಕಿನಲ್ಲಿ ನೀರು ಬಿಡಲು ಹೊರಡುವ ನೀರುಗಂಟಿ, ಡೇರಿಗೆ ಹಾಲು ಒಯ್ಯುವ ರೈತ, ಗಾರೆ ಕೆಲಸ ಮುಗಿಸಿ ಸಂಜೆ ಮರಳುವ ಕೂಲಿಕಾರ, ಇವರಲ್ಲಿ ಅನೇಕರಿಗೆ ಇಂದಿಗೂ ಸೈಕಲ್ಲೇ ವಾಹನ. ಇವರು ರಸ್ತೆಯಲ್ಲಿರುವುದು ಬೆಳಕು ಮಂದವಾಗಿರುವ ಹೊತ್ತಿನಲ್ಲಿ. ಆದುದರಿಂದ ಸೈಕಲ್ ಸವಾರನಿಗೆ ಮೊದಲು ಬೇಕಾದುದು ಇತರರ ಕಣ್ಣಿಗೆ ಬೀಳುವುದು.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ನನ್ನ ಮನೆಯಿಂದ ಕಚೇರಿಗೆ 6 ಕಿ.ಮೀ. ಕಬ್ಬು ಕಟಾವಿನ ಕಾಲದ ಒಂದು ಸಂಜೆ ಸಭೆ ತಡವಾಗಿ, ದೀಪವಿಲ್ಲದ ಸೈಕಲ್ಲಿನಲ್ಲಿ ಹೊರಟೆ. ತಿರುವಿನಲ್ಲಿ ಕಬ್ಬು ತುಂಬಿದ ಟ್ರೈಲರ್ ನಿಂತಿತ್ತು; ಅದಕ್ಕೂ ಹಿಂಬದಿಯ ದೀಪವಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಹ್ಯಾಂಡಲ್ ತಿರುಗಿಸಿ ಚರಂಡಿಗೆ ಬಿದ್ದು, ಮೊಣಕೈ ಗಾಯದೊಂದಿಗೆ ಪಾರಾದೆ. ಆ ತಿರುವಿನ ಬೀದಿದೀಪ ಕೆಟ್ಟಿರುವ ಬಗ್ಗೆ ಬಂದಿದ್ದ ದೂರು ನನ್ನದೇ ಮೇಜಿನ ಮೇಲಿತ್ತು.

ಸವಾರರಿಗೆ ತಿಳಿಸಬೇಕಾದ ಅಂಶಗಳು

1. ಸಾಧಾರಣ ಸೈಕಲ್ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 12ರಿಂದ 15 ಕಿ.ಮೀ. ಸಾಗುತ್ತದೆ. 5–6 ಕಿ.ಮೀ. ದೂರಕ್ಕೆ ಅರ್ಧ ಗಂಟೆ ಇಟ್ಟುಕೊಂಡರೆ ಧಾವಂತವಿರುವುದಿಲ್ಲ.

2. ಹೊರಡುವ ಮುನ್ನ ಗಾಳಿ, ಎರಡೂ ಬ್ರೇಕ್, ಚೈನು, ಬೆಲ್ ನೋಡಿಕೊಳ್ಳಬೇಕು. ಗಾಳಿಯ ಪ್ರಮಾಣ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ.

3. ಪೆಡಲ್ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗುವಷ್ಟು ಸೀಟಿನ ಎತ್ತರವಿರಲಿ. ಸೀಟು ತೀರಾ ತಗ್ಗಾಗಿದ್ದರೆ ಮಂಡಿ ನೋಯುತ್ತದೆ.

4. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಹಾಗೂ ಪ್ರತಿಫಲಕ ಅಗತ್ಯ. ಪೆಡಲಿಗೂ ಪ್ರತಿಫಲಕ ಅಂಟಿಸಿದರೆ ಅದು ಮೇಲೆ ಕೆಳಗೆ ಆಡುವುದರಿಂದ ಚಾಲಕರಿಗೆ ಬೇಗ ಕಾಣುತ್ತದೆ.

5. ಎಡಬದಿಯಲ್ಲೇ ಸಾಗಬೇಕು. ಆದರೆ ಒಡೆದ ಡಾಂಬರಿನ ಅಂಚಿಗೆ ಅಂಟಿಕೊಳ್ಳದೆ ಸುಮಾರು 2 ಅಡಿ ಒಳಗಿರುವುದು ಕ್ಷೇಮ. ಗುಂಡಿ ತಪ್ಪಿಸುವ ಮುನ್ನ ಹಿಂತಿರುಗಿ ನೋಡಿ, ಕೈ ತೋರಿಸಬೇಕು.

6. ಮಳೆಯಲ್ಲಿ ರಿಮ್ ನೆನೆದು ಬ್ರೇಕ್ ತಡವಾಗಿ ಹಿಡಿಯುತ್ತದೆ. ಮುಂಚಿತವಾಗಿಯೇ ಎರಡೂ ಬ್ರೇಕ್‌ಗಳನ್ನು ಮೆಲ್ಲನೆ ಒತ್ತಬೇಕು.

ಸದಸ್ಯರಿಂದ ಆಗಬೇಕಾದ ಕಾರ್ಯಗಳು

ಸವಾರನು ಎಷ್ಟೇ ಎಚ್ಚರ ವಹಿಸಿದರೂ ರಸ್ತೆಯ ಲೋಪವನ್ನು ಅವನೊಬ್ಬನೇ ಸರಿಪಡಿಸಲಾರನು. ಸಾಕಷ್ಟು ಬೀದಿದೀಪ ಒದಗಿಸುವುದು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 58ರನ್ವಯ ಗ್ರಾಮ ಪಂಚಾಯಿತಿಯ ಕರ್ತವ್ಯ. ತಿರುವು, ಬಸ್ ನಿಲ್ದಾಣ, ಕೂಡುರಸ್ತೆಗಳ ದೀಪಗಳಿಗೆ ಮೊದಲ ಆದ್ಯತೆ ದೊರೆಯಲಿ.

ಹೊಸದಾಗಿ ಡಾಂಬರು ಹಾಕಿದ ರಸ್ತೆಯ ಅಂಚು ಪಕ್ಕದ ಮಣ್ಣಿಗಿಂತ ಎತ್ತರವಾಗಿ ಉಳಿದರೆ, ವಾಹನಕ್ಕೆ ದಾರಿ ಬಿಡಲು ಕೆಳಗಿಳಿದ ಸೈಕಲ್ ಮಗುಚುತ್ತದೆ. ಕಾಮಗಾರಿಯ ಅಂತಿಮ ಬಿಲ್ಲಿಗೆ ಮುನ್ನ ಪಕ್ಕಕ್ಕೆ ಗ್ರಾವೆಲ್ ತುಂಬಲಾಗಿದೆಯೇ ಎಂದು ಸ್ಥಳದಲ್ಲಿ ಪರಿಶೀಲಿಸಿರಿ. ರಸ್ತೆ ಲೋಕೋಪಯೋಗಿ ಇಲಾಖೆಯದಾಗಿದ್ದರೆ ಲಿಖಿತವಾಗಿ ತಿಳಿಸಿರಿ.

ಜಾಲಿ ಸವರಿದ ಮೇಲೆ ಮುಳ್ಳನ್ನು ರಸ್ತೆಯಿಂದ ಗುಡಿಸಿಸಬೇಕು. ರಸ್ತೆಯ ಮೇಲೆ ರಾಗಿ, ಹುರುಳಿ ಒಕ್ಕಣೆ ಮಾಡುವವರಿಗೆ ಸಾಮೂಹಿಕ ಕಣವನ್ನು ತೋರಿಸಬೇಕು. ಸುತ್ತಲೂ ಇಟ್ಟ ಕಲ್ಲುಗಳು ರಾತ್ರಿ ಅಲ್ಲಿಯೇ ಉಳಿದರೆ ಪ್ರಾಣಕ್ಕೆ ಎರವಾಗುತ್ತವೆ. ಟ್ರೈಲರ್ ಮಾಲೀಕರಿಗೆ ಕಟಾವಿಗೆ ಮುನ್ನವೇ ಪ್ರತಿಫಲಕ ಪಟ್ಟಿ ಅಂಟಿಸಲು ಸೂಚಿಸಬೇಕು. ಪಂಚಾಯಿತಿ ಕಚೇರಿಯ ಮುಂದೆ ನೆರಳಿರುವ ಸೈಕಲ್ ನಿಲ್ದಾಣವೂ ಒಂದು ಗಾಳಿ ಪಂಪೂ ಇದ್ದರೆ ಸಿಬ್ಬಂದಿಗೂ ಗ್ರಾಮಸ್ಥರಿಗೂ ಅನುಕೂಲ.

ಕಡೆಯದಾಗಿ ಒಂದು ವಿನಂತಿ. ಮುಂದಿನ ಸಾಮಾನ್ಯ ಸಭೆಗೆ ಮುನ್ನ ಒಂದು ಸಂಜೆ, ದೀಪವಿರುವ ಸೈಕಲ್ಲಿನಲ್ಲಿ ತಮ್ಮ ಕ್ಷೇತ್ರವನ್ನು ಒಮ್ಮೆ ಸುತ್ತಿ ಬನ್ನಿರಿ. ಜೀಪಿನಲ್ಲಿ ಕುಳಿತಾಗ ಕಾಣದ ಗುಂಡಿ, ಕತ್ತಲೆ, ಕಲ್ಲುಗಳು ಆಗ ಕಾಣುತ್ತವೆ. ಅವುಗಳ ಪಟ್ಟಿಯನ್ನು ಸಭೆಯ ಮುಂದಿಡಿರಿ. ದೂರು ಮೇಜಿನ ಮೇಲೆ ಉಳಿಯದಂತೆ ನೋಡಿಕೊಳ್ಳುವುದು ನನ್ನಂತಹ ಅಧಿಕಾರಿಗಳ ಹೊಣೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ