ಹೆಸರಿಲ್ಲದ ಹಸಿರು ಬಾಟಲಿಗಳು

ಸ್ಕಾಟ್ಲೆಂಡಿನ ವಿಸ್ಕಿ ಉದ್ಯಮದ ಪಾಲಿಗೆ 1983 ಕೆಟ್ಟ ವರ್ಷ. ಬೇಡಿಕೆ ಏರುತ್ತಲೇ ಹೋಗುತ್ತದೆಂದು ನಂಬಿ ಎಪ್ಪತ್ತರ ದಶಕದಲ್ಲಿ ಭಟ್ಟಿ ಇಳಿಸಿದ್ದೆಲ್ಲ ಗೋದಾಮುಗಳಲ್ಲಿ ಕೊಳ್ಳುವವರಿಲ್ಲದೆ ಕೂತಿತ್ತು. ಅಂದಿನ ಅತಿ ದೊಡ್ಡ ಸಂಸ್ಥೆ ಡಿಸ್ಟಿಲರ್ಸ್ ಕಂಪನಿ ಒಂದರ ಹಿಂದೊಂದರಂತೆ ತನ್ನ ಡಿಸ್ಟಿಲರಿಗಳಿಗೆ ಬೀಗ ಹಾಕಿತು. ಐಲಾ ದ್ವೀಪದ ಪೋರ್ಟ್ ಎಲೆನ್, ಹೈಲ್ಯಾಂಡ್ಸ್ ಕಡಲತೀರದ ಬ್ರೋರಾ, ಡಲ್ಲಸ್ ಢೂ, ಸೇಂಟ್ ಮ್ಯಾಗ್ಡಲೀನ್ ಹೀಗೆ ಹೆಸರುಗಳ ಪಟ್ಟಿ ಉದ್ದವಿದೆ. ತಲೆಮಾರುಗಳಿಂದ ಅದೇ ಕೆಲಸ ಮಾಡಿಕೊಂಡು ಬಂದವರು ಮನೆಗೆ ಹೋದರು.

ಎಡಿನ್‌ಬರೋ ನಗರದ ಬಂದರು ಪ್ರದೇಶವಾದ ಲೀತ್‌ನಲ್ಲಿ ಅದೇ ವರ್ಷ ಒಂದಷ್ಟು ಗೆಳೆಯರು ಕೂಡಿ ವಿಸ್ಕಿಗಾಗಿಯೇ ಒಂದು ಸಂಘ ಕಟ್ಟಿದರು. ಉದ್ಯಮಿಗಳಲ್ಲ, ಕುಡಿಯುವವರು. ಹೆಸರು ‘ಸ್ಕಾಚ್ ಮಾಲ್ಟ್ ವಿಸ್ಕಿ ಸೊಸೈಟಿ’. ಇವತ್ತು ಬೆಂಗಳೂರಿನಿಂದ ತೈಪೆಯವರೆಗೆ ವಿಸ್ಕಿ ರಸಿಕರು ಗುಂಪು ಕಟ್ಟಿಕೊಂಡು, ಒಂದು ಬಾಟಲಿಯನ್ನು ಹತ್ತು ಜನ ಹಂಚಿಕೊಂಡು, ಯಾರಿಗೆ ಯಾವ ಪರಿಮಳ ಸಿಕ್ಕಿತೆಂದು ಗಂಟೆಗಟ್ಟಲೆ ಮಾತಾಡುತ್ತಾರಲ್ಲ, ಆ ರೂಢಿಯ ಬೇರು ಹುಡುಕುತ್ತ ಹೋದರೆ ನಾನು ಬಂದು ನಿಲ್ಲುವುದು ಲೀತ್‌ನ ಈ ಗೆಳೆಯರ ಮುಂದೆ.

ಸಂಘದ ಮೂಲಪುರುಷ ಫಿಲಿಪ್ ಹಿಲ್ಸ್. ಬಲ್ಲವರಿಗೆಲ್ಲ ಅವರು ಪಿಪ್. ತೆರಿಗೆ ಲೆಕ್ಕಪತ್ರ ನೋಡಿಕೊಳ್ಳುವುದು ಅವರ ವೃತ್ತಿ. ಎಪ್ಪತ್ತರ ದಶಕದ ಕೊನೆಯಲ್ಲಿ ಅವರಿಗೆ ಗ್ಲೆನ್‌ಫಾರ್ಕ್ಲಾಸ್ ಡಿಸ್ಟಿಲರಿಯ ಪೀಪಾಯಿಯಿಂದ ನೇರವಾಗಿ ತೆಗೆದ ವಿಸ್ಕಿಯ ರುಚಿ ಹತ್ತಿತು. ಗ್ಲೆನ್‌ಫಾರ್ಕ್ಲಾಸ್ ಸ್ಪೇಸೈಡ್ ಸೀಮೆಯದು, ಇಂದಿಗೂ ಗ್ರಾಂಟ್ ಕುಟುಂಬದ ಕೈಯಲ್ಲೇ ಇದೆ. ಅಂಥದ್ದು ಅಂಗಡಿಯಲ್ಲಿ ಸುಲಭವಾಗಿ ಸಿಗುವಂತಿರಲಿಲ್ಲ. ಪೀಪಾಯಿಯನ್ನೇ ಕೊಳ್ಳಬೇಕು. ಒಬ್ಬನ ಜೇಬಿಗೆ ಅದು ಭಾರ. ಹಾಗಾಗಿ ಪಿಪ್ ಗೆಳೆಯರಿಂದ ಹಣ ಕೂಡಿಸಿ, ಗ್ಲೆನ್‌ಫಾರ್ಕ್ಲಾಸ್‌ನಿಂದ ಪೀಪಾಯಿ ತಂದು, ಎಡಿನ್‌ಬರೋದ ಸ್ಕಾಟ್ಲೆಂಡ್ ಸ್ಟ್ರೀಟಿನ ತಮ್ಮ ಮನೆಯಲ್ಲಿಟ್ಟು ಪಾಲು ಹಂಚಿದರು. ಆ ಪೀಪಾಯಿ ಮುಗಿಯಿತು, ಇನ್ನೊಂದು ಬಂತು. ಗೆಳೆಯರ ಗೆಳೆಯರು ಕೇಳತೊಡಗಿದರು.

ಅಂಗಡಿಯ ವಿಸ್ಕಿಗೂ ಅವರ ಪೀಪಾಯಿಯ ವಿಸ್ಕಿಗೂ ಅಷ್ಟು ಅಂತರವೇಕೆ? ಇಡೀ ಕಥೆ ನಿಂತಿರುವುದು ಇಲ್ಲೇ. ಆ ಕಾಲದಲ್ಲಿ ಮಾರಾಟವಾಗುತ್ತಿದ್ದ ಸ್ಕಾಚ್‌ನಲ್ಲಿ ಬಹುಪಾಲು ಬ್ಲೆಂಡ್, ಅಂದರೆ ಹತ್ತಾರು ಡಿಸ್ಟಿಲರಿಗಳ ಮಾಲ್ಟ್ ಜೊತೆಗೆ ಅಗ್ಗದ ಧಾನ್ಯದ ವಿಸ್ಕಿ ಬೆರೆಸಿ, ಪ್ರತಿ ವರ್ಷ ಒಂದೇ ರುಚಿ ಬರುವಂತೆ ಹದ ಮಾಡಿದ್ದು. ಒಂದೇ ಡಿಸ್ಟಿಲರಿಯ ಬಾರ್ಲಿ ವಿಸ್ಕಿಯನ್ನು, ಅಂದರೆ ಸಿಂಗಲ್ ಮಾಲ್ಟನ್ನು, ಗ್ಲೆನ್‌ಫಿಡಿಕ್ 1963ರಲ್ಲೇ ಹೊರದೇಶಗಳಿಗೆ ಒಯ್ದಿತ್ತು. ಆದರೂ ಇಪ್ಪತ್ತು ವರ್ಷಗಳ ನಂತರವೂ ಅದು ಕೆಲವರ ಶೋಕಿಯಾಗಿಯೇ ಉಳಿದಿತ್ತು. ಆ ಸಿಂಗಲ್ ಮಾಲ್ಟ್ ಕೂಡ ಬಾಟಲಿ ಸೇರುವ ಮುನ್ನ ಸಾಕಷ್ಟು ಕಳೆದುಕೊಳ್ಳುತ್ತಿತ್ತು. ಪೀಪಾಯಿಯಲ್ಲಿ ಶೇ 55–60ರಷ್ಟು ಮದ್ಯಸಾರವಿದ್ದುದಕ್ಕೆ ನೀರು ಬೆರೆಸಿ ಶೇ 40ಕ್ಕೆ ಇಳಿಸುವುದು, ಬಣ್ಣ ಸಮನಾಗಿ ಕಾಣಲು ಕ್ಯಾರಮೆಲ್ ಹಾಕುವುದು ಹೆಚ್ಚಿನ ಕಡೆ ನಡೆಯುತ್ತಿತ್ತು. ಅದಕ್ಕಿಂತ ಹೆಚ್ಚಿನ ನಷ್ಟ ತಣ್ಣಗೆ ಮಾಡಿ ಸೋಸುವುದರಿಂದ. ಮದ್ಯಸಾರ ಶೇ 46ಕ್ಕಿಂತ ಕೆಳಗಿಳಿದರೆ ವಿಸ್ಕಿಯಲ್ಲಿನ ಕೊಬ್ಬಿನಂಥ ಅಂಶಗಳು, ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವಂತೆ, ತಂಪಿಗೆ ಮಸುಕು ಕಟ್ಟುತ್ತವೆ. ಐಸ್ ಹಾಕಿದ ಗ್ಲಾಸು ಮಬ್ಬಾದರೆ ಗಿರಾಕಿ ಗೊಣಗುತ್ತಾನೆ ಎಂಬ ಭಯಕ್ಕೆ ಕಂಪನಿಗಳು ಮೊದಲೇ ವಿಸ್ಕಿಯನ್ನು ತಣ್ಣಗೆ ಮಾಡಿ ಆ ಅಂಶಗಳನ್ನು ಸೋಸಿ ಎಸೆಯುತ್ತಿದ್ದವು. ನಾಲಿಗೆಯ ಮೇಲೆ ಜಿಡ್ಡಾಗಿ ನಿಲ್ಲುವ ಗುಣ ಹೋಗುವುದು ಅಲ್ಲೇ.

ಪಿಪ್ ಮತ್ತು ಗೆಳೆಯರ ಪಟ್ಟು ಸರಳವಾಗಿತ್ತು. ಪೀಪಾಯಿಯಲ್ಲಿ ಹೇಗಿದೆಯೋ ಹಾಗೇ ಬಾಟಲಿಗೆ ಇಳಿಯಬೇಕು. ಲೀತ್‌ನಲ್ಲಿ ‘ದ ವಾಲ್ಟ್ಸ್’ ಎಂಬ ಹಳೆಯ ಕಟ್ಟಡವಿದೆ. ಫ್ರಾನ್ಸಿನ ಬೋರ್ಡೋದಿಂದ ಹಡಗಿನಲ್ಲಿ ಬಂದ ದ್ರಾಕ್ಷಾರಸವನ್ನು ಅದರ ನೆಲಮಾಳಿಗೆಯಲ್ಲಿ ಶತಮಾನಗಳ ಕಾಲ ಇಡುತ್ತಿದ್ದರು. ಅದನ್ನೇ ಹಿಡಿದು ಸಂಘ ಶುರುಮಾಡಿದರು.

ಬೇರೆಯವರು ತುಂಬಿಸಿದ ಬಾಟಲಿಯ ಮೇಲೆ ತಮ್ಮ ಹೆಸರು ಬರುವುದನ್ನು ಡಿಸ್ಟಿಲರಿಗಳು ಇಷ್ಟಪಡುತ್ತಿರಲಿಲ್ಲ. ಅದಕ್ಕೆ ಸಂಘ ಹೆಸರನ್ನೇ ಕೈಬಿಟ್ಟು ಹಸಿರು ಬಾಟಲಿಗೆ ಸಂಖ್ಯೆ ಹಚ್ಚಿತು. ಮೊದಲ ಅಂಕಿ ಡಿಸ್ಟಿಲರಿಯದು, ಚುಕ್ಕೆಯ ನಂತರದ ಅಂಕಿ ಪೀಪಾಯಿಯದು. ಮೊತ್ತಮೊದಲ ಬಾಟಲಿ 1.1. ಒಂದು ಎಂದರೆ ಗ್ಲೆನ್‌ಫಾರ್ಕ್ಲಾಸ್ ಎಂಬುದು ಒಳಗಿನವರಿಗೆ ಗೊತ್ತು, ಹೊರಗಿನವರಿಗೆ ಅದು ಬರೀ ಅಂಕಿ. ವ್ಯಾಪಾರದ ಒಂದು ಇಕ್ಕಟ್ಟಿನಿಂದ ಪಾರಾಗಲು ಕಂಡುಕೊಂಡ ಈ ದಾರಿಯಿಂದ ಆದ ಉಪಕಾರ ದೊಡ್ಡದು. ಗ್ಲಾಸು ಕೈಗೆ ಬರುವ ಮುನ್ನವೇ ‘ಇದು ಇಂಥ ಹೆಸರಾಂತ ಮನೆತನದ್ದು, ಚೆನ್ನಾಗಿರಲೇಬೇಕು’ ಎಂದು ತಲೆಯಲ್ಲಿ ಕೂರುವ ತೀರ್ಪು ಇಲ್ಲಿಲ್ಲ. ಮೂಗು, ನಾಲಿಗೆ ತಾವೇ ದುಡಿಯಬೇಕು. ಹೆಸರು ಹೇಳದೆ ಬಾಟಲಿ ಮಾರುವಾಗ ಕೊಳ್ಳುವವನಿಗೆ ರುಚಿಯ ಬಗ್ಗೆಯಾದರೂ ಏನಾದರೂ ಹೇಳಬೇಕಲ್ಲ? ಹಾಗಾಗಿ ಸಂಘ ರುಚಿ ನೋಡುವ ಮಂಡಳಿಯನ್ನೇ ನೇಮಿಸಿತು. ಮಂಡಳಿ ಒಪ್ಪದ ಪೀಪಾಯಿ ಬಾಟಲಿಗೆ ಇಳಿಯುವುದಿಲ್ಲ. ಒಪ್ಪಿದ್ದಕ್ಕೆ ಅವರು ಬರೆಯುವ ಟಿಪ್ಪಣಿಗಳಲ್ಲಿ ಹಳೆಯ ಚರ್ಮದ ಕುರ್ಚಿ, ಮಳೆ ಬಿದ್ದ ಕಾಡು, ದೋಣಿಗೆ ಬಳಿಯುವ ಟಾರು ಎಲ್ಲವೂ ಇರಬಹುದು. ಮೊದಲ ಬಾರಿ ಓದುವವರಿಗೆ ಅತಿಯಾಯಿತು ಅನಿಸೀತು. ಆದರೆ ಪರಿಮಳ ಹಿಡಿಯಲು ಯಾವ ಭಾಷೆಯಲ್ಲೂ ಬೇಕಾದಷ್ಟು ಮಾತಿಲ್ಲ, ನೆನಪಿನಿಂದ ಎರವಲು ತರಲೇಬೇಕು. ಎಡಿನ್‌ಬರೋದ ಪೆಂಟ್‌ಲ್ಯಾಂಡ್ಸ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದೇ ಕೊರತೆ ನೀಗಲು ಸಂಘ ಹುಟ್ಟುವ ಕೆಲವೇ ವರ್ಷ ಮುಂಚೆ ವಿಸ್ಕಿಯ ಪರಿಮಳಗಳನ್ನು ವಿಂಗಡಿಸುವ ಚಕ್ರವೊಂದನ್ನು ರಚಿಸಿದ್ದರು. ಅದು ಪ್ರಯೋಗಾಲಯದವರಿಗೆಂದು ಮಾಡಿದ್ದು, ಸಂಘದ ಟಿಪ್ಪಣಿಗಳು ಕುಡಿಯುವವರಿಗೆ.

ಒಂದು ಪೀಪಾಯಿಯಿಂದ ಬರುವುದು ಕೆಲವು ನೂರು ಬಾಟಲಿ ಅಷ್ಟೇ. ಖಾಲಿಯಾದರೆ ಅದೇ ರುಚಿ ಮತ್ತೆ ಹುಟ್ಟುವುದಿಲ್ಲ. ಒಂದೇ ದಿನ, ಒಂದೇ ಭಟ್ಟಿಯ ದ್ರವ ತುಂಬಿ ಅಕ್ಕಪಕ್ಕ ಇಟ್ಟ ಎರಡು ಪೀಪಾಯಿಗಳು ಹತ್ತು ವರ್ಷಕ್ಕೆ ಎರಡು ದಿಕ್ಕಿಗೆ ಹೋಗಿರುತ್ತವೆ. ಒಂದರ ಓಕ್ ಮರದಲ್ಲಿ ವೆನಿಲ್ಲಾ ಗುಣ ಜಾಸ್ತಿ, ಇನ್ನೊಂದರಲ್ಲಿ ಹಿಂದೆ ಶೆರ್ರಿ ತುಂಬಿಟ್ಟ ನೆನಪು. ಬ್ಲೆಂಡ್ ಮಾಡುವವರು ಮರೆಮಾಡುವ ಈ ವ್ಯತ್ಯಾಸವನ್ನು ಕಂಡು ಸಂಘದವರು ಹಿಗ್ಗುತ್ತಾರೆ. ಜನ ಗುಂಪುಗೂಡುವುದೂ ಅದಕ್ಕೇ ಎಂದು ನನ್ನ ಎಣಿಕೆ. ಎಲ್ಲ ಕಡೆ, ಎಲ್ಲ ಕಾಲಕ್ಕೂ ಒಂದೇ ಆಗಿರುವ ವಸ್ತುವಿನ ಬಗ್ಗೆ ಎಷ್ಟು ಹೊತ್ತು ಮಾತಾಡಲು ಸಾಧ್ಯ?

ಇಂಥ ಕೂಟಕ್ಕೆ ಹೊಸಬರು ಬಂದಾಗ ಮೊದಲು ಕಲಿಸುವುದು ನೀರಿನ ಪಾಠ. ಮೊದಲು ಹಾಗೇ ಮೂಸಬೇಕು, ಆಮೇಲೆ ಕೆಲವು ಹನಿ ನೀರು ಬಿಟ್ಟು ಮತ್ತೆ ಮೂಸಬೇಕು. ಗ್ಲಾಸಿನೊಳಗೆ ಯಾರೋ ಕಿಟಕಿ ತೆಗೆದಂತೆ ಪರಿಮಳ ಹರಡುತ್ತದೆ. ಅನುಭವದಿಂದ ಗೊತ್ತಿದ್ದ ಈ ಮಾತಿಗೆ 2017ರಲ್ಲಿ ಸ್ವೀಡನ್ನಿನ ಲಿನಿಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ ಕಾರಣ ಕೊಟ್ಟರು. ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಎಂಬ ಅಣು, ಮದ್ಯಸಾರ ಹೆಚ್ಚಿದ್ದಾಗ ಅದರ ನಡುವೆ ಸಿಕ್ಕಿಕೊಂಡು ಕೂತಿರುತ್ತದೆ. ನೀರು ಸೇರಿ ಮದ್ಯಸಾರದ ಪ್ರಮಾಣ ಇಳಿದಾಗ ಗಾಳಿಗೆ ತಾಗುವ ಮೇಲ್ಮೈಗೆ ಬರುತ್ತದೆ. ಅವರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕಂಡುಕೊಂಡದ್ದು ಇದು.

ಸಂಘ ಬೆಳೆದು ದೇಶ ದೇಶಗಳಲ್ಲಿ ಶಾಖೆ ತೆರೆಯಿತು. 2004ರಲ್ಲಿ ಗ್ಲೆನ್‌ಮೊರಾಂಜಿ ಕಂಪನಿ ಅದನ್ನು ಕೊಂಡಿತು, 2015ರಲ್ಲಿ ಖಾಸಗಿ ಹೂಡಿಕೆದಾರರಿಗೆ ಮಾರಿತು. 2021ರಲ್ಲಿ ಅದರ ಮಾತೃಸಂಸ್ಥೆ ಲಂಡನ್ನಿನ ಷೇರುಪೇಟೆಗೆ ಬಂತು. ಗೆಳೆಯರು ಹಣ ಕೂಡಿಸಿ ತಂದ ಪೀಪಾಯಿ ಕೊನೆಗೆ ಅಲ್ಲಿಗೆ ಮುಟ್ಟಿದ್ದು ನನಗೇನೂ ಸಂತೋಷದ ಸಂಗತಿಯಲ್ಲ. ರಸಿಕರ ಹಟದಿಂದ ಆದ ಒಳ್ಳೆಯದನ್ನೂ ಮರೆಯುವಂತಿಲ್ಲ. ಸೋಸದ, ಬಣ್ಣ ಬೆರೆಸದ ವಿಸ್ಕಿ ಇಂದು ದೊಡ್ಡ ಕಂಪನಿಗಳ ಪಟ್ಟಿಯಲ್ಲೂ ಇದೆ. ಮುಚ್ಚಿಹೋಗಿದ್ದ ಬ್ರೋರಾ 2021ರಲ್ಲಿ, ಪೋರ್ಟ್ ಎಲೆನ್ 2024ರಲ್ಲಿ ಮತ್ತೆ ಬಾಗಿಲು ತೆರೆದವು. ಆ ಡಿಸ್ಟಿಲರಿಗಳ ಉಳಿದ ಬಾಟಲಿಗಳನ್ನು ಜನ ಹುಡುಕಿ ಹುಡುಕಿ ಕುಡಿಯುತ್ತ, ಅವುಗಳ ಬಗ್ಗೆ ಬರೆಯುತ್ತ ಇರದಿದ್ದರೆ ಇದು ನಡೆಯುತ್ತಿರಲಿಲ್ಲ.

ಹಸಿರು ಬಾಟಲಿಯ ಅಂಕಿಗಳು ನೂರು ದಾಟಿ ಸ್ಕಾಟ್ಲೆಂಡಿನ ಗಡಿಯನ್ನೂ ದಾಟಿದವು. 116 ಜಪಾನಿನ ಯೊಯಿಚಿ. 134 ಗೋವಾದ ಪಾಲ್ ಜಾನ್. ಇದನ್ನು ತಯಾರಿಸುವ ಜಾನ್ ಡಿಸ್ಟಿಲರೀಸ್‌ನ ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲಿದೆ. ಆದರೆ ಭಾರತದ ಮಾಲ್ಟ್ ಹೊರಗಿನ ರಸಿಕರ ಮೇಜಿಗೆ ಹೋಗುವ ದಾರಿಯನ್ನು ಅದಕ್ಕೂ ಮುಂಚೆ ಸವೆಸಿದ್ದು ಬೆಂಗಳೂರಿನದೇ ಇನ್ನೊಂದು ಮನೆ, ಅಮೃತ್.

ಜೆ.ಎನ್. ರಾಧಾಕೃಷ್ಣ ಜಗದಾಳೆ 1948ರಲ್ಲಿ ಶುರುಮಾಡಿದ ಅಮೃತ್ ಡಿಸ್ಟಿಲರೀಸ್ ಬಹಳ ಕಾಲ ಉಳಿದವರಂತೆ ರಮ್ಮು, ಬ್ರಾಂದಿ ಮಾಡಿಕೊಂಡಿತ್ತು. ಎಂಬತ್ತರ ದಶಕದಲ್ಲಿ ಬಾರ್ಲಿಯಿಂದ ಮಾಲ್ಟ್ ವಿಸ್ಕಿ ಇಳಿಸಿದರೂ ಅದು ಬ್ಲೆಂಡ್‌ಗೆ ಸೇರುತ್ತಿತ್ತು. ರಾಧಾಕೃಷ್ಣರ ಮಗ ನೀಲಕಂಠ ಜಗದಾಳೆ ಆ ಮಾಲ್ಟನ್ನು ಬೆರೆಸದೇ ಬಾಟಲಿಗೆ ತುಂಬುವ ಯೋಚನೆ ಮಾಡಿದರು. ಮೊಮ್ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂಬಿಎ ಓದುವಾಗ, 2001ರ ಹೊತ್ತಿಗೆ, ಬ್ರಿಟನ್ನಿನ ಭಾರತೀಯ ರೆಸ್ಟೊರೆಂಟ್‌ಗಳಲ್ಲಿ ಭಾರತದ ವಿಸ್ಕಿ ಮಾರಬಹುದೇ ಎಂಬುದನ್ನೇ ಅಧ್ಯಯನಕ್ಕೆ ಎತ್ತಿಕೊಂಡರು. 2004ರ ಆಗಸ್ಟ್ 24ರಂದು ಗ್ಲಾಸ್ಗೋದ ಕೆಫೆ ಇಂಡಿಯಾದಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾಯಿತು. ಸ್ಕಾಚ್‌ನ ತವರಿಗೇ ಬೆಂಗಳೂರಿನ ವಿಸ್ಕಿ ಹೊತ್ತುಕೊಂಡು ಹೋಗಲು ಎಂಥ ಎದೆ ಬೇಕು!

ಅಲ್ಲಿ ಎದುರಾದ ಅನುಮಾನಕ್ಕೆ ಆಧಾರವಿಲ್ಲದೆ ಇರಲಿಲ್ಲ. ನಮ್ಮಲ್ಲಿ ವಿಸ್ಕಿ ಎಂದು ಮಾರುವುದರಲ್ಲಿ ಹೆಚ್ಚಿನದು ಕಾಕಂಬಿಯ ಮದ್ಯಸಾರದಿಂದ ಮಾಡಿದ್ದು, ಯುರೋಪಿನ ಕಾನೂನು ಅದನ್ನು ವಿಸ್ಕಿ ಎಂದು ಒಪ್ಪುವುದಿಲ್ಲ. ಅಮೃತ್ ಸಿಂಗಲ್ ಮಾಲ್ಟ್ ಅಪ್ಪಟ ಬಾರ್ಲಿಯದಾದರೂ ‘ಭಾರತದ್ದು’ ಎಂದೊಡನೆ ಹುಬ್ಬು ಮೇಲೇರುತ್ತಿತ್ತು. ಹಾಗಾಗಿ ಕಂಪನಿಯವರು ಗ್ಲಾಸ್ಗೋದ ಹೆಸರಾಂತ ವಿಸ್ಕಿ ಬಾರ್ ‘ದ ಪಾಟ್ ಸ್ಟಿಲ್’ನಲ್ಲಿ ಎಲ್ಲಿಯದೆಂದು ಹೇಳದೆ ಅದರ ರುಚಿ ತೋರಿಸಿದರು. ಕುಡಿದವರು ಅದನ್ನು ಸ್ಪೇಸೈಡ್‌ನ ಹಳೆಯ ಮಾಲ್ಟ್ ಎಂದುಕೊಂಡರು. ಲೀತ್‌ನ ಸಂಘ ರೂಢಿಗೆ ತಂದ ಅದೇ ನಡೆ ಇದು: ಹೆಸರನ್ನು ಮುಚ್ಚಿಟ್ಟು ರುಚಿಯನ್ನು ಮಾತಾಡಲು ಬಿಡುವುದು. ರೆಸ್ಟೊರೆಂಟ್‌ಗಳಲ್ಲಿ ಮಾರುವ ಮೂಲ ಯೋಜನೆ ಕೈಹಿಡಿಯಲಿಲ್ಲ. ಕೈಹಿಡಿದದ್ದು ವಿಸ್ಕಿ ಹುಚ್ಚಿನವರು, ಅವರ ಕೂಟಗಳು, ಅವರು ಹೋಗುವ ಸಣ್ಣ ಅಂಗಡಿಗಳು. ಶೇ 50ರಷ್ಟು ಮದ್ಯಸಾರದ ‘ಅಮೃತ್ ಫ್ಯೂಷನ್’ನಲ್ಲಿ ಭಾರತದ ಬಾರ್ಲಿ ಮುಕ್ಕಾಲು, ಪೀಟ್ ಎಂಬ ಜೌಗು ನೆಲದ ಇಂಧನದ ಹೊಗೆಯಲ್ಲಿ ಒಣಗಿಸಿದ ಸ್ಕಾಟ್ಲೆಂಡಿನ ಬಾರ್ಲಿ ಕಾಲು. ವಿಸ್ಕಿ ಬರಹಗಾರ ಜಿಮ್ ಮರ್ರೆ ತಮ್ಮ ‘ವಿಸ್ಕಿ ಬೈಬಲ್’ನ 2010ರ ಆವೃತ್ತಿಯಲ್ಲಿ ಅದಕ್ಕೆ ನೂರಕ್ಕೆ 97 ಅಂಕ ಕೊಟ್ಟು ಜಗತ್ತಿನಲ್ಲೇ ಮೂರನೆಯ ಸ್ಥಾನದಲ್ಲಿ ಕೂರಿಸಿದರು. ಆಮೇಲೆ ಬಾಟಲಿಯ ಹೆಸರನ್ನು ಮುಚ್ಚಿಡುವ ಅಗತ್ಯ ಬೀಳಲಿಲ್ಲ.

ರಸಿಕರು ಇನ್ನೂ ಒಂದು ಅಭ್ಯಾಸ ಬಿಡಬೇಕಾಯಿತು. ಅದು ವಯಸ್ಸಿನ ಲೆಕ್ಕ. ಲೇಬಲಿನ ಮೇಲೆ 12, 18, 25 ಎಂಬ ಅಂಕಿ ನೋಡಿ ಬೆಲೆ ಕಟ್ಟುವುದು ಸ್ಕಾಟ್ಲೆಂಡಿನ ಚಳಿಗೆ ಸರಿ. ಅಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾಗುತ್ತದೆ, ದೇವತೆಗಳ ಪಾಲು ಎಂದು ಅದನ್ನು ಕರೆಯುತ್ತಾರೆ. ಅಮೃತ್ ಡಿಸ್ಟಿಲರಿ ಇರುವ ಬೆಂಗಳೂರಿನ ಮೈಸೂರು ರಸ್ತೆಯ ಕಂಬೀಪುರದಲ್ಲಿ, ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲೆ, ದೇವತೆಗಳು ಒಯ್ಯುವುದು ವರ್ಷಕ್ಕೆ ಶೇ 10ರಿಂದ 12. ಸೆಕೆಗೆ ದ್ರವ ಮರದೊಳಗೆ ಬೇಗ ಹೊಕ್ಕು ಹೊರಬರುತ್ತದೆ, ಹದವೂ ಬೇಗ ಬರುತ್ತದೆ. ಇಲ್ಲಿನ ಒಂದು ವರ್ಷ ಅಲ್ಲಿನ ಮೂರು ವರ್ಷಕ್ಕೆ ಸಮ ಎಂಬುದು ಅಮೃತ್‌ನ ಮಾಸ್ಟರ್ ಬ್ಲೆಂಡರ್ ಆಗಿದ್ದ ಸುರಿಂದರ್ ಕುಮಾರ್ ಅವರ ಅಂದಾಜು. ಅಮೃತ್ ಬಾಟಲಿಗಳ ಮೇಲೆ ಸಾಮಾನ್ಯವಾಗಿ ವಯಸ್ಸು ಇರುವುದಿಲ್ಲ. ವರ್ಷಕ್ಕೆ ಶೇ 11ರಂತೆ ಲೆಕ್ಕ ಹಾಕಿದರೆ ಎಂಟು ವರ್ಷಕ್ಕೆ ಪೀಪಾಯಿಯಲ್ಲಿ ಉಳಿಯುವುದು ಐದರಲ್ಲಿ ಎರಡೇ ಪಾಲು. ಆದರೂ 2013ರಲ್ಲಿ ಅವರು ‘ಗ್ರೀಡಿ ಏಂಜಲ್ಸ್’, ಅಂದರೆ ದುರಾಸೆಯ ದೇವತೆಗಳು, ಎಂದು ಹೆಸರಿಟ್ಟು ಎಂಟು ವರ್ಷದ ಮಾಲ್ಟ್ ಹೊರತಂದರು. ಆಮೇಲೆ ಹತ್ತು ವರ್ಷದ್ದೂ ಬಂತು.